ಹೈಪೋ ಅಂದರೆ ‘ಹೈ’ ಅಲ್ಲ: ಗೊಂದಲದ ಇಂಗ್ಲಿಷ್ ಪದಗಳ ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ತಪ್ಪು?

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದಿಂದ ಸ್ವಲ್ಪವೇ ದೂರದಲ್ಲಿ ಬಸ್ತಿಹಳ್ಳಿ ಇದೆ. ಅಲ್ಲಿರುವ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳಿಂದಲೇ ಊರಿಗೆ ಆ ಹೆಸರು. ಆದರೆ ಇದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕನ್ನಡ ಬಾರದವರ ಕೈಗೆ ಕೊಟ್ಟು ನೋಡಿ. ಇಂಗ್ಲಿಷಿನಲ್ಲಿ ‘ಳ’ ಇಲ್ಲ. ಹಾಗಾಗಿ ಹಳ್ಳಿ ಹೋಗಿ ಗೋಡೆ ಮೇಲಿನ ಹಲ್ಲಿಯಾಗುತ್ತದೆ. ಇನ್ನು ಹಿಂದಿ ಬಲ್ಲವರಿಗೆ ‘ಬಸ್ತಿ’ ಅಂದರೆ ಜನ ವಾಸಿಸುವ ಜಾಗ, ಎಷ್ಟೋ ಸಲ ಕೊಳೆಗೇರಿ. ನಮ್ಮ ಬಸ್ತಿ ಮತ್ತು ಅವರ ಬಸ್ತಿ ಎರಡೂ ಸಂಸ್ಕೃತದ ‘ವಸತಿ’ಯಿಂದಲೇ ಬಂದವು. ಬೇರು ಒಂದೇ ಆದರೂ ಅರ್ಥ ಬೇರೆ.

ಹಳ್ಳಿಯನ್ನು ಹಲ್ಲಿ ಮಾಡಿದವರನ್ನು ಕಂಡರೆ ನಮಗೆ ನಗು ಬರುತ್ತದೆ. ಇಂಗ್ಲಿಷ್ ವಿಷಯಕ್ಕೆ ಬಂದಾಗ ನಾವೂ ಅದನ್ನೇ ಮಾಡುತ್ತೇವೆ. ಕೆಲವು ಕಡೆ ಅದು ನಗುವಷ್ಟಕ್ಕೆ ಮುಗಿಯುತ್ತದೆ, ಕೆಲವು ಕಡೆ ಮುಗಿಯುವುದಿಲ್ಲ.

ನಮಗೆ ಬಂದ ಸಂದೇಶ

ಬಸ್ತಿಹಳ್ಳಿಯ ಓದುಗರೊಬ್ಬರು ವಾಟ್ಸಾಪ್‌ನಲ್ಲಿ ಹರಿದಾಡುತ್ತಿರುವ ಒಂದು ಪಟ್ಟಿಯನ್ನು ನಮಗೆ ಕಳುಹಿಸಿ, ಇದು ಸರಿಯೇ ಎಂದು ಕೇಳಿದ್ದರು. ‘ಈ ಪದಗಳ ವ್ಯತ್ಯಾಸ ತಿಳಿದರೆ ಇಂಗ್ಲಿಷ್ ನಿಮ್ಮ ಕೈಯಲ್ಲಿ, ಹತ್ತು ಜನರಿಗೆ ಕಳುಹಿಸಿ’ ಎಂಬುದು ಅದರ ತಲೆಬರಹ. ಕೆಳಗೆ ಒಂದೇ ಥರ ಕಾಣುವ, ಒಂದೇ ಥರ ಕೇಳಿಸುವ ಇಂಗ್ಲಿಷ್ ಪದಗಳು, ಪಕ್ಕದಲ್ಲಿ ಒಂದೊಂದು ಸಾಲಿನ ವಿವರಣೆ.

ಅವರು ಕೇಳಿದ್ದಕ್ಕೆ ಕಾರಣವಿತ್ತು. ಅವರ ಅತ್ತೆಗೆ ಸಕ್ಕರೆ ಕಾಯಿಲೆ. ಒಂದು ಬೆಳಿಗ್ಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಏನೇನೋ ಮಾತಾಡತೊಡಗಿದರು. ಹಿಂದಿನ ವಾರ ತಂದಿದ್ದ ಚೀಟಿಯಲ್ಲಿ ‘ಹೈಪೋ ಬಗ್ಗೆ ಎಚ್ಚರ’ ಎಂದು ಬರೆದಿತ್ತು. ಮನೆಯವರು ಅದನ್ನು ‘ಸಕ್ಕರೆ ಹೈ ಆಗುತ್ತೆ’ ಎಂದು ಓದಿಕೊಂಡಿದ್ದರು. ಅತ್ತೆ ಸಿಹಿ ಕೇಳಿದರೂ ಕೊಡಲಿಲ್ಲ. ಆ ಹೊತ್ತಿಗೆ ಬಂದ ಆಶಾ ಕಾರ್ಯಕರ್ತೆ ಮೀಟರ್‌ನಲ್ಲಿ ನೋಡಿದಾಗ ಸಕ್ಕರೆ 58 ಇತ್ತು. ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡರು. ಕೆಲವು ದಿನಗಳ ನಂತರ ಈ ಫಾರ್ವರ್ಡ್ ಬಂದಾಗ ಅದರಲ್ಲೂ ಅದೇ ತಪ್ಪು ಇರುವುದನ್ನು ಆ ಓದುಗರು ಗಮನಿಸಿದರು.

ಪಟ್ಟಿಯ ಮುಖ್ಯ ಸಾಲುಗಳನ್ನು ನಾವು ಒಂದೊಂದಾಗಿ ಪರಿಶೀಲಿಸಿದ್ದೇವೆ. ಜೀವ ಮತ್ತು ಹಣಕ್ಕೆ ಸಂಬಂಧಿಸಿದವನ್ನು ಮೊದಲು ಇಟ್ಟಿದ್ದೇವೆ.

ಇಷ್ಟೊಂದು ಗೊಂದಲ ಏಕೆ?

ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ‘ಹ’ ಬಿಟ್ಟರೆ ಹಾಸನ ಆಸನವಾಗುತ್ತದೆ, ಅಕ್ಕಿಗೆ ‘ಹ’ ಸೇರಿಸಿದರೆ ಹಕ್ಕಿಯಾಗಿ ಹಾರುತ್ತದೆ. ಉಚ್ಚಾರದಲ್ಲಿ ತಪ್ಪಿದರೂ ಬರಹದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಇಂಗ್ಲಿಷ್ ಹಾಗಲ್ಲ. ಇಂಗ್ಲೆಂಡಿಗೆ ಮುದ್ರಣ ಯಂತ್ರ ಬಂದಿದ್ದು 1476ರಲ್ಲಿ. ಅಚ್ಚಾಗುತ್ತಾ ಆಗುತ್ತಾ ಕಾಗುಣಿತ ಒಂದು ಕಡೆ ನಿಂತಿತು. ಜನರ ಉಚ್ಚಾರ ಮಾತ್ರ ನಂತರವೂ ಬದಲಾಗುತ್ತಲೇ ಹೋಯಿತು. ರಾತ್ರಿ ಎಂಬ ಅರ್ಥದ ‘ನೈಟ್’ ಮತ್ತು ಕುದುರೆ ಏರಿದ ಯೋಧ ಎಂಬ ಅರ್ಥದ ‘ನೈಟ್’ ನೋಡಿ. ಎರಡನೆಯದರ ಮುಂದೆ ಇಂದಿಗೂ ‘ಕೆ’ ಅಕ್ಷರವಿದೆ. ಒಂದು ಕಾಲಕ್ಕೆ ಅದನ್ನು ಉಚ್ಚರಿಸುತ್ತಿದ್ದರು. ಈಗ ಅದು ಕಾಗದದ ಮೇಲೆ ಮಾತ್ರ ಉಳಿದಿದೆ.

ಎರಡನೇ ಕಾರಣ ನಮ್ಮ ಕಿವಿ. ಇಂಗ್ಲಿಷಿನ ‘ಝೆಡ್’ ಅಕ್ಷರದ ಸದ್ದಿಗೆ ಕನ್ನಡದಲ್ಲಿ ತನ್ನದೇ ಅಕ್ಷರವಿಲ್ಲ. ಹಾಗಾಗಿ ‘ಕಳೆದುಕೊಳ್ಳು’ ಎಂಬ ಅರ್ಥದ ಪದವನ್ನೂ ‘ಸಡಿಲ’ ಎಂಬ ಅರ್ಥದ ಪದವನ್ನೂ ನಾವು ‘ಲೂಸ್’ ಎಂದೇ ಬರೆಯುತ್ತೇವೆ.

ಮೂರನೆಯದು ಮೊಬೈಲ್. ತಪ್ಪು ಕಾಗುಣಿತ ಬರೆದರೆ ಕೆಂಪು ಗೆರೆ ಬರುತ್ತದೆ ಎಂದು ನಂಬಿಕೊಂಡಿರುತ್ತೇವೆ. ಇಲ್ಲಿ ಎರಡೂ ಪದ ನಿಘಂಟಿನಲ್ಲಿರುವಂಥವೇ. ಹಾಗಾಗಿ ಎಷ್ಟೋ ಸಲ ಗೆರೆ ಬರುವುದೇ ಇಲ್ಲ.

ಹೇಳಿಕೆ 1: ಹೈಪೋ, ಹೈಪರ್ ಎರಡರ ಅರ್ಥವೂ ‘ಹೆಚ್ಚು’

ಇದು ಪೂರ್ತಿ ತಪ್ಪು, ಅಪಾಯಕಾರಿಯೂ ಹೌದು. ಎರಡೂ ಗ್ರೀಕ್ ಮೂಲದವು. ಹೈಪೋ ಅಂದರೆ ಕೆಳಗೆ, ಕಡಿಮೆ. ಹೈಪರ್ ಅಂದರೆ ಮೇಲೆ, ಹೆಚ್ಚು. ಎರಡೂ ‘ಹೈ’ ಸದ್ದಿನಿಂದ ಶುರುವಾಗುವುದೇ ನಮ್ಮನ್ನು ಮೋಸಗೊಳಿಸುವುದು. ಆ ‘ಹೈ’ಗೂ ಎತ್ತರ ಎಂಬ ಅರ್ಥದ ‘ಹೈ’ಗೂ ಸಂಬಂಧವಿಲ್ಲ.

ನೆನಪಿಡಲು ಪದದ ತಲೆ ಬಿಟ್ಟು ಬಾಲ ನೋಡಿ. ಹೈಪೋ ಕೊನೆಯಲ್ಲಿ ‘ಓ’ ಇದೆ, ‘ಲೋ’ದಲ್ಲೂ ಅದೇ ‘ಓ’. ಹೈಪರ್ ಕೊನೆಯಲ್ಲಿ ‘ಪರ್’ ಇದೆ, ‘ಸೂಪರ್’ನಲ್ಲೂ ಅದೇ ‘ಪರ್’.

ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಒಂದು ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಅದನ್ನು ಹೈಪೋಗ್ಲೈಸೀಮಿಯಾ ಎನ್ನುತ್ತಾರೆ. ಬೆವರು, ನಡುಕ, ಹಸಿವು, ಎದೆ ಬಡಿತ, ಗಲಿಬಿಲಿ ಇದರ ಸಾಮಾನ್ಯ ಲಕ್ಷಣಗಳು. ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚದಷ್ಟನ್ನು ನೀರಿನಲ್ಲಿ ಕದಡಿ ಕೊಡಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಹೈಪರ್‌ಗ್ಲೈಸೀಮಿಯಾದಲ್ಲಿ ಇದಕ್ಕೆ ವಿರುದ್ಧ: ಸಕ್ಕರೆ ಏರಿರುತ್ತದೆ, ಬಾಯಾರಿಕೆ ಹೆಚ್ಚು, ಪದೇ ಪದೇ ಮೂತ್ರ. ಒಂದಕ್ಕೆ ಮದ್ದಾಗುವ ಸಿಹಿ ಇನ್ನೊಂದಕ್ಕೆ ಹಾನಿ.

ಥೈರಾಯ್ಡ್ ವರದಿಯಲ್ಲಿ ಇನ್ನೂ ಒಂದು ಸುತ್ತು ಇದೆ. ಟಿಎಸ್‌ಎಚ್ ಪಕ್ಕದಲ್ಲಿ ‘ಹೈ’ ಎಂದಿದ್ದರೆ ಹಲವರು ‘ಹೈಪರ್‌ಥೈರಾಯ್ಡ್’ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಉಲ್ಟಾ. ಟಿಎಸ್‌ಎಚ್ ಎಂಬುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳುಹಿಸುವ ಆದೇಶ. ಥೈರಾಯ್ಡ್ ಮಂದವಾಗಿ ಕೆಲಸ ಮಾಡಿದಾಗ ಆದೇಶ ಜೋರಾಗುತ್ತದೆ. ಅಂದರೆ ಟಿಎಸ್‌ಎಚ್ ಹೆಚ್ಚಿದ್ದರೆ ಬಹುತೇಕ ಅದು ಹೈಪೋಥೈರಾಯ್ಡ್. ಯಾವುದು ಎಂಬ ತೀರ್ಮಾನ ವೈದ್ಯರದೇ, ‘ಹೈ’ ಎಂಬ ಒಂದು ಪದ ನೋಡಿ ಮನೆಯಲ್ಲೇ ಮಾತ್ರೆ ಬದಲಿಸಬೇಡಿ.

ಹೇಳಿಕೆ 2: ಇನ್‌ಫ್ಲೇಮಬಲ್ ಅಂದರೆ ಬೆಂಕಿ ಹತ್ತಿಕೊಳ್ಳದ್ದು

ತಪ್ಪು. ಇನ್‌ಫ್ಲೇಮಬಲ್ ಅಂದರೆ ಸುಲಭವಾಗಿ ಬೆಂಕಿ ಹತ್ತಿಕೊಳ್ಳುವಂಥದ್ದು. ಫ್ಲೇಮಬಲ್ ಅಂದರೂ ಅದೇ. ಎರಡಕ್ಕೂ ವ್ಯತ್ಯಾಸವಿಲ್ಲ.

ಗೊಂದಲ ಹುಟ್ಟುವುದು ‘ಇನ್’ ಎಂಬ ತುಣುಕಿನಿಂದ. ‘ಇನ್‌ಕರೆಕ್ಟ್’, ‘ಇನ್‌ಕಂಪ್ಲೀಟ್’ ಎಂಬಲ್ಲಿ ಅದು ‘ಅಲ್ಲ’ ಎನ್ನುತ್ತದೆ. ಇಲ್ಲಿ ಹಾಗಲ್ಲ. ಈ ಪದ ಬಂದಿದ್ದು ‘ಉರಿ ಹೊತ್ತಿಸು’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ. ಶಿರಾಡಿ ಘಾಟಿಯಲ್ಲಿ ಏರಿಳಿಯುವ ಗ್ಯಾಸ್ ಟ್ಯಾಂಕರ್‌ಗಳಂಥ ವಾಹನಗಳ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿದ್ದರೆ, ಅದರ ಅರ್ಥ ದೂರ ಇರಿ, ಬೀಡಿ ಹಚ್ಚಬೇಡಿ ಎಂದೇ. ಬೆಂಕಿ ಹತ್ತಿಕೊಳ್ಳದ್ದಕ್ಕೆ ಇಂಗ್ಲಿಷಿನಲ್ಲಿ ‘ನಾನ್ ಫ್ಲೇಮಬಲ್’ ಎನ್ನುತ್ತಾರೆ. ಸ್ಯಾನಿಟೈಸರ್, ಸೊಳ್ಳೆ ಸ್ಪ್ರೇ, ಪೇಂಟ್ ತಿನ್ನರ್ ಡಬ್ಬಿಗಳ ಮೇಲೂ ಈ ಪದವನ್ನು ಹುಡುಕಿ ನೋಡಿ.

ಹೇಳಿಕೆ 3: ಬೆಸ್ಟ್ ಬಿಫೋರ್, ಎಕ್ಸ್‌ಪೈರಿ ಎರಡೂ ಒಂದೇ

ತಪ್ಪು. ಬೆಸ್ಟ್ ಬಿಫೋರ್ ದಿನಾಂಕ ಗುಣಮಟ್ಟಕ್ಕೆ ಸಂಬಂಧಿಸಿದ್ದು. ಅಲ್ಲಿಯವರೆಗೆ ರುಚಿ, ಗರಿಗರಿ, ಪರಿಮಳ ಚೆನ್ನಾಗಿರುತ್ತದೆ ಎಂದು ತಯಾರಕರು ಹೇಳುತ್ತಾರೆ. ಸರಿಯಾಗಿ ಇಟ್ಟಿದ್ದರೆ ಅದು ಮುಗಿದ ಮರುದಿನವೇ ಆ ತಿಂಡಿ ವಿಷವಾಗುವುದಿಲ್ಲ. ಎಕ್ಸ್‌ಪೈರಿ ಅಥವಾ ಯೂಸ್ ಬೈ ದಿನಾಂಕ ಸುರಕ್ಷತೆಗೆ ಸಂಬಂಧಿಸಿದ್ದು. ಅದು ಮುಗಿದ ಮೇಲೆ ತಿನ್ನಲೂಬಾರದು, ಮಾರಲೂಬಾರದು. ಔಷಧಿಯ ಮೇಲಿರುವುದು ಎಕ್ಸ್‌ಪೈರಿ. ಮಾತ್ರೆಗೆ ಬಿಸ್ಕತ್ತಿನ ಲೆಕ್ಕ ಹಾಕಬೇಡಿ.

ಹೇಳಿಕೆ 4: ಕ್ರೆಡಿಟ್ ಅಂದರೆ ಸಾಲ, ಡೆಬಿಟ್ ಅಂದರೆ ಸ್ವಂತ ಹಣ

ಅರ್ಧ ಸರಿ. ಕಾರ್ಡಿನ ವಿಷಯದಲ್ಲಿ ಇದು ಸರಿ. ಕ್ರೆಡಿಟ್ ಕಾರ್ಡ್‌ನಲ್ಲಿ ಬ್ಯಾಂಕಿನ ಹಣ ಖರ್ಚು ಮಾಡಿ ಆಮೇಲೆ ತೀರಿಸುತ್ತೀರಿ. ಡೆಬಿಟ್ ಕಾರ್ಡ್‌ನಲ್ಲಿ ನಿಮ್ಮ ಖಾತೆಯ ಹಣವೇ ಹೋಗುತ್ತದೆ. ಆದರೆ ಬ್ಯಾಂಕಿನಿಂದ ಬರುವ ಎಸ್‌ಎಂಎಸ್‌ನಲ್ಲಿ ಅರ್ಥ ಬೇರೆ. ‘ಕ್ರೆಡಿಟೆಡ್’ ಅಂದರೆ ನಿಮ್ಮ ಖಾತೆಗೆ ಜಮೆ ಆಯಿತು. ‘ಡೆಬಿಟೆಡ್’ ಅಂದರೆ ಖಾತೆಯಿಂದ ಹೋಯಿತು. ನೆನಪಿಗೆ ಕನ್ನಡವೇ ಸಾಕು: ಡೆಬಿಟ್‌ನಲ್ಲಿ ದುಡ್ಡು ಕೈ ‘ಬಿಟ್’ಟಿತು.

ಈ ಗೊಂದಲವನ್ನೇ ವಂಚಕರು ಬಳಸಿಕೊಳ್ಳುತ್ತಾರೆ. ‘ನಿಮ್ಮ ಖಾತೆಗೆ ತಪ್ಪಿ ಹಣ ಬಂದಿದೆ, ವಾಪಸ್ ಕಳುಹಿಸಿ’ ಎಂದು ಕರೆ ಬರುತ್ತದೆ. ಅದಕ್ಕೂ ಮೊದಲು ‘ಕ್ರೆಡಿಟೆಡ್’ ಎಂಬ ನಕಲಿ ಎಸ್‌ಎಂಎಸ್ ಬಂದಿರುತ್ತದೆ. ಎಸ್‌ಎಂಎಸ್ ನಂಬದೆ ಬ್ಯಾಂಕಿನ ಆ್ಯಪ್ ಅಥವಾ ಪಾಸ್‌ಬುಕ್‌ನಲ್ಲಿ ಬಾಕಿ ಮೊತ್ತ ನೋಡಿ. ಇನ್ನೊಂದು ಮಾತು ನೆನಪಿರಲಿ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಒತ್ತಿ ಎಂದು ಕೇಳಿದರೆ ಹಣ ನಿಮ್ಮಿಂದ ಹೋಗುತ್ತಿದೆ ಎಂದೇ ಅರ್ಥ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹೇಳಿಕೆ 5: ಪ್ರಿನ್ಸಿಪಲ್ ಪದದ ಕೊನೆಗೆ ‘ಎ, ಎಲ್’ ಇದ್ದರೆ ಅದು ಯಾವಾಗಲೂ ವ್ಯಕ್ತಿ

ಅರ್ಧ ಸರಿ. ಕಾಲೇಜಿನ ಪ್ರಾಂಶುಪಾಲರನ್ನು ಹೀಗೆ ಬರೆಯುತ್ತಾರೆ, ನಿಜ. ಆದರೆ ಸಾಲದ ಪತ್ರದಲ್ಲಿ ಬರುವ ಪ್ರಿನ್ಸಿಪಲ್ ವ್ಯಕ್ತಿಯಲ್ಲ, ಅಸಲು. ‘ಎ, ಎಲ್’ ಅಂದರೆ ‘ಅಸಲು’ ಎಂದು ಇಟ್ಟುಕೊಳ್ಳಿ, ಮರೆಯುವುದಿಲ್ಲ. ಕೊನೆಗೆ ‘ಎಲ್, ಇ’ ಇರುವ ಪ್ರಿನ್ಸಿಪಲ್ ಅಂದರೆ ತತ್ವ, ನಿಯಮ. ‘ರೂಲ್’ ಪದವೂ ಅದೇ ‘ಎಲ್, ಇ’ಯಿಂದ ಮುಗಿಯುತ್ತದೆ.

ಟ್ರ್ಯಾಕ್ಟರ್ ಸಾಲವೋ ಚಿನ್ನದ ಸಾಲವೋ, ಸ್ಟೇಟ್‌ಮೆಂಟ್ ಬಂದಾಗ ಎರಡು ಕಾಲಂ ನೋಡಿ: ಪ್ರಿನ್ಸಿಪಲ್ ಮತ್ತು ಇಂಟರೆಸ್ಟ್. ಕಂತು ಕಟ್ಟುವ ಸಾಲದಲ್ಲಿ ಶುರುವಿನ ಕಂತುಗಳ ದೊಡ್ಡ ಪಾಲು ಬಡ್ಡಿಗೆ ಹೋಗುತ್ತದೆ, ಅಸಲು ನಿಧಾನಕ್ಕೆ ಇಳಿಯುತ್ತದೆ. ‘ಇಷ್ಟು ಕಟ್ಟಿದರೂ ಸಾಲ ಏಕೆ ಕರಗಿಲ್ಲ’ ಎಂಬ ಪ್ರಶ್ನೆಗೆ ಉತ್ತರ ಈ ಕಾಲಂನಲ್ಲೇ ಇರುತ್ತದೆ.

ಹೇಳಿಕೆ 6: ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’

ಭಾರತದಲ್ಲಿ ಬಳಸುವ ಬ್ರಿಟಿಷ್ ಕಾಗುಣಿತಕ್ಕೆ ಇದು ಸರಿ. ಸಲಹೆ ಎಂಬ ಅರ್ಥದ ಅಡ್ವೈಸ್‌ಗೆ ‘ಸಿ’, ಸಲಹೆ ಕೊಡು ಎಂಬ ಅರ್ಥದ ಅಡ್ವೈಜ್‌ಗೆ ‘ಎಸ್’. ಪರವಾನಗಿ ಎಂಬ ಅರ್ಥದ ಲೈಸೆನ್ಸ್‌ಗೂ ‘ಸಿ’. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇರುವುದೂ ‘ಸಿ’ ಅಕ್ಷರದ ಲೈಸೆನ್ಸೇ. ಆದರೆ ಅಮೆರಿಕದಲ್ಲಿ ಲೈಸೆನ್ಸ್‌ಗೆ ಎರಡೂ ಕಡೆ ‘ಎಸ್’, ಪ್ರ್ಯಾಕ್ಟಿಸ್‌ಗೆ ಎರಡೂ ಕಡೆ ‘ಸಿ’. ಹಾಗಾಗಿ ಸಿನಿಮಾದಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಬೇರೆ ಥರ ಕಂಡರೆ ಅದು ತಪ್ಪೆಂದು ಜಗಳಕ್ಕೆ ಹೋಗಬೇಕಿಲ್ಲ.

ಹೇಳಿಕೆ 7: ಅಫೆಕ್ಟ್ ಕ್ರಿಯಾಪದ, ಎಫೆಕ್ಟ್ ನಾಮಪದ

ದಿನಬಳಕೆಗೆ ಸರಿ. ಮಳೆ ಬೆಳೆಯನ್ನು ಅಫೆಕ್ಟ್ ಮಾಡುತ್ತದೆ, ಬೆಳೆಯ ಮೇಲೆ ಮಳೆಯ ಎಫೆಕ್ಟ್ ಇರುತ್ತದೆ. ‘ಸೈಡ್ ಎಫೆಕ್ಟ್’ ಎಂಬುದನ್ನು ನೆನಪಿಟ್ಟರೆ ನಾಮಪದ ಯಾವುದೆಂಬ ಪ್ರಶ್ನೆ ಬಗೆಹರಿಯುತ್ತದೆ. ‘ಯಾವಾಗಲೂ’ ಎಂಬ ಮಾತು ಮಾತ್ರ ಸರಿಯಲ್ಲ. ‘ಜಾರಿಗೆ ತರು’ ಎಂಬ ಅರ್ಥದಲ್ಲಿ ಎಫೆಕ್ಟ್ ಕೂಡ ಕ್ರಿಯಾಪದವಾಗುತ್ತದೆ. ಮನಶ್ಶಾಸ್ತ್ರದಲ್ಲಿ ಅಫೆಕ್ಟ್ ನಾಮಪದವಾಗುತ್ತದೆ. ಪರೀಕ್ಷೆ ಬರೆಯುವ ಮಕ್ಕಳಿಗೆ ಇಷ್ಟು ಗೊತ್ತಿದ್ದರೆ ಸಾಕು.

ಹೇಳಿಕೆ 8: ಲೂಸ್, ಸ್ಟೇಷನರಿ ಇತ್ಯಾದಿ

ಈ ಸಾಲುಗಳು ಸರಿಯಾಗಿವೆ. ಸಡಿಲ ಎಂಬ ಲೂಸ್‌ಗೆ ಎರಡು ‘ಓ’, ಕಳೆದುಕೊಳ್ಳು ಎಂಬುದಕ್ಕೆ ಒಂದೇ ‘ಓ’. ಒಂದು ‘ಓ’ ಕಳೆದುಹೋಗಿದೆ ಎಂದೇ ನೆನಪಿಡಿ. ಪೆನ್ನು, ಪುಸ್ತಕದ ಸ್ಟೇಷನರಿಯಲ್ಲಿ ಕೊನೆಯ ಭಾಗಕ್ಕೆ ‘ಇ’, ಎನ್ವಲಪ್‌ನ ‘ಇ’. ನಿಂತಲ್ಲೇ ನಿಂತ ಬಸ್ಸಿನ ಸ್ಟೇಷನರಿಯಲ್ಲಿ ‘ಎ’. ನಮ್ಮ ಊರುಗಳ ಅಂಗಡಿ ಬೋರ್ಡುಗಳಲ್ಲಿ ಎರಡನೆಯದೇ ಕಂಡರೂ ಚಿಂತೆಯಿಲ್ಲ, ಅಂಗಡಿ ಎಲ್ಲಿಗೂ ಹೋಗುವುದಿಲ್ಲವಲ್ಲ!

ಪಟ್ಟಿಯಲ್ಲಿ ಇಲ್ಲದ, ನಮ್ಮ ಕಡೆಗೆ ಬೇಕಾದ ಮೂರು ಪದ

ಹಳೇಬೀಡಿನ ಸುತ್ತಮುತ್ತಲಿನವರು ಯುನೆಸ್ಕೋ ಸುದ್ದಿಗಳಲ್ಲಿ ಮೂರು ಪದ ನೋಡಿರುತ್ತೀರಿ: ಟೆಂಟೇಟಿವ್, ನಾಮಿನೇಟೆಡ್, ಇನ್‌ಸ್ಕ್ರೈಬ್ಡ್. ಮೂರೂ ಒಂದೇ ಅಲ್ಲ. ಟೆಂಟೇಟಿವ್ ಅಂದರೆ ಮುಂದೆ ಪರಿಗಣಿಸಬಹುದಾದವುಗಳ ತಾತ್ಕಾಲಿಕ ಪಟ್ಟಿ. ನಾಮಿನೇಟೆಡ್ ಅಂದರೆ ದೇಶ ಅಧಿಕೃತವಾಗಿ ಹೆಸರು ಸಲ್ಲಿಸಿದೆ. ಇನ್‌ಸ್ಕ್ರೈಬ್ಡ್ ಅಂದರೆ ಮಾತ್ರ ವಿಶ್ವ ಪರಂಪರೆ ಪಟ್ಟಿಗೆ ಸೇರಿತು ಎಂದು. ಹೊಯ್ಸಳ ದೇವಾಲಯಗಳು 2014ರಲ್ಲಿ ತಾತ್ಕಾಲಿಕ ಪಟ್ಟಿಗೆ ಸೇರಿದವು. 2022ರ ಆರಂಭದಲ್ಲಿ ನಾಮನಿರ್ದೇಶನವಾಯಿತು. 2023ರ ಸೆಪ್ಟೆಂಬರ್ 18ರಂದು ಪಟ್ಟಿಗೆ ಸೇರಿದವು. ಸೇರಿದ್ದು ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಮತ್ತು ಸೋಮನಾಥಪುರದ ಕೇಶವ ದೇವಾಲಯ. ಬಸ್ತಿಹಳ್ಳಿಯ ಬಸದಿಗಳು ಆ ಮೂರರಲ್ಲಿ ಇಲ್ಲ. ಇದರಿಂದ 12ನೇ ಶತಮಾನದ ಪಾರ್ಶ್ವನಾಥ ಬಸದಿಯ ಕನ್ನಡಿಯಂಥ ಕಂಬಗಳ ಹೊಳಪೇನೂ ಕಡಿಮೆಯಾಗುವುದಿಲ್ಲ. ಆದರೆ ಫಾರ್ವರ್ಡ್ ಮಾಡುವಾಗ ಇದ್ದದ್ದನ್ನು ಇದ್ದಂತೆ ಹೇಳುವುದು ಒಳ್ಳೆಯದು.

ಗೊಂದಲವಾದರೆ ಕನ್ನಡದಲ್ಲಿ ಕೇಳಿಕೊಳ್ಳಿ

ಇಷ್ಟನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಇಂಗ್ಲಿಷಿನಲ್ಲಿ ಸದ್ದು ಒಂದೇ ಆಗಿರುವ ಪದಗಳು ಕನ್ನಡಕ್ಕೆ ಬಂದ ಕೂಡಲೇ ಬೇರೆ ಬೇರೆಯಾಗುತ್ತವೆ. ‘ದೇರ್’ ಮೂರು ಥರ ಇದೆ. ನೀವು ಹೇಳಬೇಕಾದ್ದು ‘ಅಲ್ಲಿ’ಯೇ, ‘ಅವರ’ ಎಂದೇ, ‘ಅವರು’ ಎಂದೇ? ಮೊದಲು ಅದನ್ನು ಕನ್ನಡದಲ್ಲಿ ತೀರ್ಮಾನಿಸಿ. ‘ಅಲ್ಲಿ’ಗೆ ಟಿ, ಎಚ್, ಇ, ಆರ್, ಇ. ‘ಅವರ’ಗೆ ಟಿ, ಎಚ್, ಇ, ಐ, ಆರ್. ‘ಅವರು’ ಎಂದಾದರೆ ‘ದೇ’ ಮತ್ತು ‘ಆರ್’ ಸೇರಿದ ಪದ, ನಡುವೆ ಕೊಂಬು ಚಿಹ್ನೆ.

‘ಇಟ್ಸ್’ ಕೂಡ ಹಾಗೆಯೇ. ‘ಅದರ’ ಎಂದು ಹೊಂದಿದರೆ ಕೊಂಬು ಚಿಹ್ನೆ ಬೇಡ. ‘ಅದು’ ಎಂದು ಹೊಂದಿದರೆ ಬೇಕು. ‘ದೆನ್’ ಅಂದರೆ ‘ಆಮೇಲೆ’, ‘ದ್ಯಾನ್’ ಅಂದರೆ ‘ಗಿಂತ’. ‘ಲೆಂಡ್’ ಅಂದರೆ ಸಾಲ ಕೊಡು, ‘ಬಾರೋ’ ಅಂದರೆ ಸಾಲ ತಗೋ. ‘ಆ್ಯಕ್ಸೆಪ್ಟ್’ ಅಂದರೆ ಒಪ್ಪಿಕೋ, ‘ಎಕ್ಸೆಪ್ಟ್’ ಅಂದರೆ ಬಿಟ್ಟು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯುವವರು ಗಮನಿಸಿ: ಇಲ್ಲಿ ಕನ್ನಡ ಗೊತ್ತಿರುವುದೇ ನಿಮಗೆ ಅನುಕೂಲ.

ಆರೋಗ್ಯ ಮತ್ತು ಹಣದ ವಿಷಯದಲ್ಲಿ ಇನ್ನೊಂದು ಅಭ್ಯಾಸ ಬೇಕು. ಚೀಟಿ ಕೈಗೆ ಬಂದ ಕೂಡಲೇ ‘ಇದು ಹೆಚ್ಚೋ ಕಡಿಮೆಯೋ, ಆಗ ಏನು ಮಾಡಬೇಕು’ ಎಂದು ಅಲ್ಲೇ ಕೇಳಿ, ಉತ್ತರವನ್ನು ಅದೇ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಳ್ಳಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಇಂಗ್ಲಿಷ್ ಸರಿ ಇದ್ದರೆ ಸಂದೇಶ ನಿಜವೇ?

‘ಹತ್ತು ದಿನದಲ್ಲಿ ತೂಕ ಇಳಿಸಿ’ ಎಂಬ ಜಾಹೀರಾತಿನಲ್ಲಿ ಎರಡು ‘ಓ’ ಹಾಕಿ ತೂಕವನ್ನು ಸಡಿಲ ಮಾಡಿರುವುದನ್ನು ನೀವೂ ನೋಡಿರಬಹುದು. ಬ್ಯಾಂಕಿನ ಹೆಸರಲ್ಲಿ ಬಂದ ಸಂದೇಶದಲ್ಲಿ ಇಂಥ ತಪ್ಪುಗಳಿದ್ದರೆ ಅನುಮಾನ ಪಡುವುದು ಸರಿ. ಆದರೆ ಅದರ ವಿರುದ್ಧದ ಮಾತು ನಿಜವಲ್ಲ. ಈಗ ಎಐ ಸಾಧನಗಳಿಂದ ಯಾರು ಬೇಕಾದರೂ ತಪ್ಪಿಲ್ಲದ ಇಂಗ್ಲಿಷ್ ಬರೆಯಿಸಬಹುದು, ವಂಚಕರೂ ಬರೆಯಿಸುತ್ತಾರೆ. ಭಾಷೆ ಚೆನ್ನಾಗಿದೆ ಎಂಬುದು ವಿಷಯ ನಿಜ ಎಂಬುದಕ್ಕೆ ಸಾಕ್ಷಿಯಲ್ಲ. ಕಾಗುಣಿತ ತಪ್ಪಿದವರೆಲ್ಲ ಸುಳ್ಳರೂ ಅಲ್ಲ.

ಒಟ್ಟಾರೆ ಹೇಳುವುದಾದರೆ

ಈ ಫಾರ್ವರ್ಡ್‌ನಲ್ಲಿ ಸರಿಯಾದದ್ದೂ ಇದೆ, ಅರ್ಧ ಸರಿಯಾದದ್ದೂ ಇದೆ. ಹೈಪೋ, ಇನ್‌ಫ್ಲೇಮಬಲ್, ಎಕ್ಸ್‌ಪೈರಿ ಕುರಿತ ಮೂರು ಸಾಲುಗಳು ಪೂರ್ತಿ ತಪ್ಪು. ಆ ಮೂರೂ ಜೀವಕ್ಕೆ ಸಂಬಂಧಿಸಿದವು. ಹಾಗಾಗಿ ಅದನ್ನು ಇದ್ದ ಹಾಗೆಯೇ ಮುಂದೆ ಕಳುಹಿಸಬೇಡಿ. ಕಳುಹಿಸಲೇಬೇಕಾದರೆ ಒಂದು ಸಾಲು ಸಾಕು: ‘ಹೈಪೋ ಅಂದರೆ ಲೋ, ಹೈಪರ್ ಅಂದರೆ ಸೂಪರ್.’ ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅದನ್ನು ಬರೆದು ಮೀಟರ್ ಡಬ್ಬಿಗೆ ಅಂಟಿಸಿ. ಬಸ್ತಿಹಳ್ಳಿಯ ನಮ್ಮ ಓದುಗರು ಈಗ ಅದನ್ನೇ ಮಾಡಿದ್ದಾರೆ, ಪಕ್ಕದಲ್ಲಿ ಒಂದು ಪುಟ್ಟ ಸಕ್ಕರೆ ಡಬ್ಬಿಯನ್ನೂ ಇಟ್ಟಿದ್ದಾರೆ.